ಹಳೇ ಮಾರುತಿ 800ರ ಬ್ರೇಕ್: ಪಾರ್ಟ್ಸ್ ತರುವ ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕಿ

ನನ್ನದು 1997ರ ಮಾರುತಿ 800. ಕಾರ್ಬುರೇಟರ್ ಗಾಡಿ. ಮನೆ ತೀರ್ಥಹಳ್ಳಿ ಹತ್ತಿರ. ಅಡಿಕೆ ತೋಟಕ್ಕೂ ಪೇಟೆಗೂ ಓಡಾಟ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿ ಕಡೆ ಹೋಗುವುದು. ಇಂಥ ಗಾಡಿಯಲ್ಲಿ ಇಂಜಿನ್ ಕೈಕೊಟ್ಟರೆ ದಾರಿ ಬದಿಗೆ ನಿಲ್ಲಿಸಿ ಯಾರಿಗಾದರೂ ಫೋನ್ ಮಾಡಬಹುದು. ಬ್ರೇಕ್ ಕೈಕೊಟ್ಟರೆ ನಿಲ್ಲಿಸುವುದೇ ಕಷ್ಟ ಅಲ್ವಾ. ಹಾಗಾಗಿ ಬೇರೆ ಕೆಲಸ ಮುಂದೂಡಿದರೂ ಬ್ರೇಕಿನ ಕೆಲಸ ಮುಂದೂಡುವುದಿಲ್ಲ.

2014ರ ಜನವರಿಯಲ್ಲಿ 800ರ ತಯಾರಿಕೆ ನಿಂತಿತು. ಅಂದರೆ ಈಗ ರಸ್ತೆ ಮೇಲಿರುವ ಕೊನೆಯ 800ಕ್ಕೂ ಹತ್ತು ವರ್ಷ ದಾಟಿದೆ. ಬ್ರೇಕ್ ಸರಿಯಿಲ್ಲ ಅಂದ ತಕ್ಷಣ ಎಲ್ಲರೂ ಮಾಡುವುದು ಒಂದೇ: ಮುಂದೆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್, ಹಿಂದೆ ಡ್ರಮ್ಮಿಗೆ ಒಳಗಿನಿಂದ ಒತ್ತುವ ಬ್ರೇಕ್ ಶೂ, ಎರಡೂ ಹೊಸದು. ದುಡ್ಡು ಖರ್ಚಾಗುತ್ತದೆ, ತೊಂದರೆ ಅಲ್ಲೇ ಇರುತ್ತದೆ. ನಾನು ಕಂಡ ಹಾಗೆ ಇಷ್ಟು ವಯಸ್ಸಾದ ಗಾಡಿಯಲ್ಲಿ ತಕರಾರು ಹೆಚ್ಚಾಗಿ ರಬ್ಬರಿನದು ಮತ್ತು ನೀರಿನದು. ಒಣಗಿದ ಸೀಲು, ಒಳಗೇ ಊದಿದ ಹೋಸು (ಆಯಿಲ್ ಹೋಗುವ ರಬ್ಬರ್ ಪೈಪ್), ಬ್ರೇಕ್ ಆಯಿಲಿಗೆ ಸೇರಿದ ತೇವ, ಅದರಿಂದ ಬಂದ ತುಕ್ಕು. ಪ್ಯಾಡ್ ಸವೆಯಬೇಕಾದರೆ ಗಾಡಿ ಓಡಬೇಕು. ರಬ್ಬರ್ ಹಾಳಾಗುವುದಕ್ಕೆ ಶೆಡ್ಡಿನಲ್ಲಿ ಸುಮ್ನೆ ನಿಂತರೂ ಸಾಕು. "ವಾರಕ್ಕೊಂದು ಸಲ ಮಾತ್ರ ತೆಗೆಯೋದು, ಗಾಡಿ ಹೊಸದರ ಹಾಗೇ ಇದೆ" ಎನ್ನುವವರ ಬ್ರೇಕನ್ನೇ ನಾನು ಮೊದಲು ಅನುಮಾನಿಸುತ್ತೇನೆ.

ಕೆಳಗೆ ಬರೆದಿರುವುದರಲ್ಲಿ ಪರೀಕ್ಷೆಗಳನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಬಿಚ್ಚಿ ಹಾಕುವ ಕೆಲಸಕ್ಕೆ ಕೈ ಪಳಗಿಲ್ಲದಿದ್ದರೆ ಗ್ಯಾರೇಜಿಗೆ ಕೊಡಿ. ಏನು ತೊಂದರೆ ಅಂತ ನೀವೇ ಹೇಳಿ ಕೊಟ್ಟರೆ ಬಿಲ್ಲು ಅರ್ಧ ಆಗುತ್ತದೆ.

ಮೊದಲು ಪೆಡಲ್ ನೋಡಿ

ಗಾಡಿ ಮನೆ ಅಂಗಳದಲ್ಲೇ ಇರಲಿ. ಸಮತಟ್ಟಾದ ಜಾಗ, ಗಾಲಿಗೆ ಕಲ್ಲು. ಇಂಜಿನ್ ಆಫ್.

ಪೆಡಲನ್ನು ಒಂದೇ ಸಲ ನಿಧಾನವಾಗಿ ಒತ್ತಿ. ಮೆತ್ತಗೆ, ಗಾಳಿ ತುಂಬಿದ ಟ್ಯೂಬ್ ಒತ್ತಿದ ಹಾಗೆ ಇದ್ದರೆ ಆಯಿಲ್ ಲೈನಿನಲ್ಲಿ ಏರ್ ಇದೆ. ಒಂದು ಸಲಕ್ಕೆ ತುಂಬಾ ಕೆಳಗೆ ಹೋಗಿ, ಬೇಗ ಬೇಗ ಎರಡು ಮೂರು ಸಲ ಒತ್ತಿದಾಗ ಮೇಲೆ ಬಂದು ಗಟ್ಟಿಯಾಗಿ ನಿಂತರೆ, ಮೊದಲು ಹಿಂದಿನ ಶೂಗಳ ಅಡ್ಜಸ್ಟ್‌ಮೆಂಟ್ ನೋಡಿ. ಶೂ ಮತ್ತು ಡ್ರಮ್ ನಡುವೆ ಅಂತರ ಜಾಸ್ತಿಯಾಗಿದೆ. ಇದನ್ನು ಏರ್ ಅಂದುಕೊಂಡು ಮತ್ತೆ ಮತ್ತೆ ಬ್ಲೀಡ್ (ಲೈನಿನ ಏರ್ ಹೊರಗೆ ತೆಗೆಯುವುದು) ಮಾಡಿಸುವವರಿದ್ದಾರೆ. ಎಷ್ಟು ಆಯಿಲ್ ಸುರಿದರೂ ಪೆಡಲ್ ಏರುವುದಿಲ್ಲ. ಒಂದು ಸುಳಿವು ಹೇಳುತ್ತೇನೆ: ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆದು ಪೆಡಲ್ ಒತ್ತಿ ನೋಡಿ. ಆಗ ಪೆಡಲ್ ಮೇಲಕ್ಕೇ ನಿಂತರೆ ತೊಂದರೆ ಹಿಂದಿನ ಶೂಗಳದ್ದೇ.

ಈಗ ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದು ಒಂದು ನಿಮಿಷ ಕಾಯಿರಿ. ಕಾಲಿನ ಕೆಳಗೆ ಪೆಡಲ್ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಒತ್ತಡ ಸೋರುತ್ತಿದೆ. ನಾಲ್ಕೂ ಗಾಲಿಯ ಒಳಬದಿ, ಪೈಪುಗಳ ಜಾಯಿಂಟ್, ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಗಾಲಿಗಳ ಕಡೆಗೆ ತಳ್ಳುವ ಭಾಗ) ಕೆಳಗೆ ಒದ್ದೆ ಇದೆಯಾ ನೋಡಿ. ಎಲ್ಲೂ ಒದ್ದೆ ಇಲ್ಲ, ಬ್ರೇಕ್ ಆಯಿಲ್ ತುಂಬುವ ಡಬ್ಬಿಯಲ್ಲಿ ಮಟ್ಟ ಕೂಡ ಕಮ್ಮಿಯಾಗಿಲ್ಲ, ಆದರೂ ಪೆಡಲ್ ಇಳಿಯುತ್ತಿದೆ ಅಂದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲು ಹೋಗಿದೆ. ಆಯಿಲ್ ಹೊರಗೆ ಬಾರದೆ ಸೀಲನ್ನು ದಾಟಿ ವಾಪಸ್ ಡಬ್ಬಿಗೇ ಹೋಗುತ್ತಿದೆ. ಇದು ಕಳ್ಳ ಕಾಯಿಲೆ. ಜೋರಾಗಿ ಒತ್ತಿದರೆ ಬ್ರೇಕ್ ಹಿಡಿಯುತ್ತದೆ, ಸಿಗ್ನಲ್ಲಿನಲ್ಲಿ ಮೆಲ್ಲಗೆ ಒತ್ತಿ ನಿಂತಾಗ ಮಾತ್ರ ಪೆಡಲ್ ಕೆಳಗೆ ಜಾರುತ್ತದೆ. ಬರೀ ಹೊಸ ಸೀಲುಗಳ ಕಿಟ್ ಹಾಕುವುದೋ ಪೂರ್ತಿ ಸಿಲಿಂಡರ್ ಬದಲಾಯಿಸುವುದೋ ಎನ್ನುವುದು ಒಳಗಿನ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಮೇಲೆ. ಬೆರಳಿನ ಉಗುರಿಗೆ ಸಿಗುವಂಥ ಗುಳಿ ಇದ್ದರೆ ಕಿಟ್ ಹಾಕಿ ಪ್ರಯೋಜನವಿಲ್ಲ. ಸ್ವಲ್ಪ ದಿನದಲ್ಲೇ ಹೊಸ ಸೀಲೂ ಹರಿಯುತ್ತದೆ.

ಪೆಡಲ್ ಕಲ್ಲಿನಷ್ಟು ಗಟ್ಟಿ, ಗಾಡಿ ಮಾತ್ರ ನಿಲ್ಲುತ್ತಿಲ್ಲ ಅಂದರೆ ಬೂಸ್ಟರ್ (ಇಂಜಿನ್ನಿನ ವ್ಯಾಕ್ಯೂಮ್ ಬಳಸಿ ಕಾಲಿನ ಒತ್ತಡ ಹೆಚ್ಚಿಸುವ ಭಾಗ) ಇರುವ ಮಾಡೆಲಿನಲ್ಲಿ ಹೀಗೆ ನೋಡಿ. ಇಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವ ತನಕ ಹಲವು ಸಲ ಒತ್ತಿ. ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಅಲ್ಲಾಡಲೇ ಇಲ್ಲ ಅಂದರೆ ಮೊದಲು ಇಂಜಿನ್ ಮ್ಯಾನಿಫೋಲ್ಡಿನಿಂದ ಬರುವ ವ್ಯಾಕ್ಯೂಮ್ ಪೈಪ್ ನೋಡಿ. ಅದು ಬಿರಿದಿರುತ್ತದೆ, ಇಲ್ಲವೇ ಕ್ಲಿಪ್ ಸಡಿಲವಾಗಿರುತ್ತದೆ. ಕೆಲವೇ ರೂಪಾಯಿಯ ಪೈಪಿಗೆ ಪೂರ್ತಿ ಬೂಸ್ಟರ್ ಬದಲಾಯಿಸಬೇಡಿ. ಇನ್ನೊಂದು ವಿಷಯ. ಡಬ್ಬಿಯಲ್ಲಿ ಆಯಿಲ್ ಕಮ್ಮಿಯಾಗುತ್ತಲೇ ಇದೆ, ಹೊರಗೆ ಎಲ್ಲೂ ಸೋರಿದ ಗುರುತಿಲ್ಲ ಅಂದರೆ ಅದು ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲಿನಿಂದ ಬೂಸ್ಟರ್ ಒಳಗೆ ಸೇರುತ್ತಿರಬಹುದು. ಮಾಸ್ಟರ್ ಸಿಲಿಂಡರಿನ ಎರಡು ನಟ್ ಬಿಚ್ಚಿ ಸ್ವಲ್ಪ ಮುಂದೆ ಸರಿಸಿದರೆ ಹಿಂದೆ ಒದ್ದೆ ಕಾಣುತ್ತದೆ.

ಪ್ಯಾಡ್ ಸವೆದ ಹಾಗೆ ಡಬ್ಬಿಯ ಮಟ್ಟ ನಿಧಾನಕ್ಕೆ ಇಳಿಯುವುದು ಸಹಜ. ಅದನ್ನು ಸೋರಿಕೆ ಅಂದುಕೊಂಡು ಹೆದರಬೇಡಿ. ಇಳಿದಿದ್ದನ್ನು ಆಗಾಗ ತುಂಬಿಸುತ್ತಾ ಹೋದರೆ ಹೊಸ ಪ್ಯಾಡ್ ಹಾಕುವ ದಿನ ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಆಯಿಲ್ ಉಕ್ಕಿ ಪೇಂಟ್ ಮೇಲೆ ಬೀಳುತ್ತದೆ. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಏಳುತ್ತದೆ. ಬಿದ್ದರೆ ಒರೆಸುತ್ತಾ ಕೂರದೆ ಕೂಡಲೇ ನೀರು ಸುರಿಯಿರಿ.

ಬಿಸಿ ಗಾಲಿ

ಹಳೇ ಗಾಡಿಯ ಬ್ರೇಕಿನ ಬಗ್ಗೆ ಒಂದೇ ಒಂದು ಪರೀಕ್ಷೆ ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ. ನಾನು ಹೋಗುವ ಗ್ಯಾರೇಜಿನ ಸಾಬರು ಗಾಡಿ ಬಂದು ನಿಂತ ಕೂಡಲೇ ನಾಲ್ಕೂ ಗಾಲಿ ಹತ್ತಿರ ಅಂಗೈ ಹಿಡಿದು ಒಂದು ಸುತ್ತು ಬರುತ್ತಾರೆ. "ಯಾವುದು ಬಿಸಿ, ಯಾವುದು ತಣ್ಣಗಿದೆ ಅಂತ ಮೊದ್ಲು ನೋಡಿ ಗೌಡ್ರೇ, ಆಮೇಲೆ ಸ್ಪ್ಯಾನರ್ ತಗೊಳ್ಳಿ" ಎನ್ನುವುದು ಅವರ ಮಾತು.

ನಾಲ್ಕೈದು ಕಿಲೋಮೀಟರ್ ಸಾಧ್ಯವಾದಷ್ಟು ಬ್ರೇಕ್ ಒತ್ತದೆ ಓಡಿಸಿ. ಗೇರಿನಲ್ಲೇ ವೇಗ ಇಳಿಸಿ ನಿಲ್ಲಿಸಿ. ಇಳಿದು ಪ್ರತಿ ಗಾಲಿಯ ರಿಮ್ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ, ಡಿಸ್ಕ್ ಚರ್ಮ ಸುಡುವಷ್ಟು ಬಿಸಿಯಾಗಿರಬಹುದು. ಒಂದು ಗಾಲಿ ಮಾತ್ರ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಸುಟ್ಟ ವಾಸನೆ, ಮೈಲೇಜ್ ಕಮ್ಮಿ, ಒಂದು ರಿಮ್ಮಿನಲ್ಲಿ ಮಾತ್ರ ಕಪ್ಪು ಪುಡಿ ಜಾಸ್ತಿ, ಇವೆಲ್ಲ ಇದರ ಜೊತೆಗೇ ಬರುತ್ತವೆ.

ಹಿಡಿದುಕೊಂಡಿದ್ದು ಯಾಕೆ ಅಂತ ತಿಳಿಯಲು ಆ ಗಾಲಿಯನ್ನು ಜಾಕ್ ಮೇಲೆ ಎತ್ತಿ. ಜಾಕ್ ಒಂದನ್ನೇ ನಂಬಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಡಿ. ಪೆಡಲ್ ಒಂದು ಸಲ ಒತ್ತಿ ಬಿಟ್ಟು ಗಾಲಿ ತಿರುಗಿಸಿ. ಬಿಗಿಯಾಗಿದ್ದರೆ ಆ ಗಾಲಿಯ ಬ್ಲೀಡರ್ ನಿಪ್ಪಲ್ (ಏರ್ ಹೊರಗೆ ಬಿಡುವ ಸಣ್ಣ ಸ್ಕ್ರೂ) ಅನ್ನು ಸ್ವಲ್ಪ ಸಡಿಲ ಮಾಡಿ. ಆಯಿಲ್ ಚಿಮ್ಮಿ ಗಾಲಿ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಅಂತ ಅರ್ಥ. ಇಂಥಲ್ಲಿ ನನ್ನ ಮೊದಲ ಅನುಮಾನ ಹೋಸಿನ ಮೇಲೆ. ಹೊರಗೆ ಚೆನ್ನಾಗೇ ಕಾಣುವ ಹೋಸು ಒಳಗೆ ಊದಿ ದಾರಿ ಸಣ್ಣದಾಗಿರುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ಒಳಗೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರಲು ಜಾಗವಿಲ್ಲ. ಖಾತ್ರಿ ಮಾಡಿಕೊಳ್ಳಲು ನಿಪ್ಪಲ್ ಮುಚ್ಚಿ, ಮತ್ತೆ ಒತ್ತಿ ಬಿಟ್ಟು, ಈ ಸಲ ಹೋಸಿನ ಮೇಲಿನ ತುದಿಯಲ್ಲಿ, ಕಬ್ಬಿಣದ ಪೈಪ್ ಸೇರುವ ಜಾಗದಲ್ಲಿ, ಸಡಿಲ ಮಾಡಿ. ಅಲ್ಲಿ ಸಡಿಲಿಸಿದರೂ ಗಾಲಿ ಬಿಗಿಯಾಗೇ ಇದ್ದರೆ ಹೋಸೇ ಅಪರಾಧಿ. ಎರಡೂ ಕಡೆಯದನ್ನು ಒಟ್ಟಿಗೆ ಬದಲಾಯಿಸಿ. ಒಂದು ಹೋಗಿದ್ದರೆ ಇನ್ನೊಂದು ದಾರಿಯಲ್ಲೇ ಇದೆ.

ನಿಪ್ಪಲ್ ಬಿಚ್ಚಿದರೂ ಗಾಲಿ ಬಿಡಲಿಲ್ಲವಾ? ಆಗ ತೊಂದರೆ ಕ್ಯಾಲಿಪರಿನದು, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗದ್ದು. ಒಂದೋ ಪಿಸ್ಟನ್ ತುಕ್ಕು ಹಿಡಿದು ಸಿಕ್ಕಿಕೊಂಡಿದೆ, ಇಲ್ಲ ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿವೆ. ಪಿನ್ನಿನ ತೊಂದರೆಗೆ ಒಂದು ಗುರುತಿದೆ: ಒಳಗಿನ ಪ್ಯಾಡ್ ಪೂರ್ತಿ ಸವೆದು ಹೊರಗಿನದು ದಪ್ಪವಾಗೇ ಉಳಿದಿರುತ್ತದೆ. ಪಿನ್ ತೆಗೆದು ತುಕ್ಕು ಉಜ್ಜಿ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಸವರಿ. ಸಾಮಾನ್ಯ ಗ್ರೀಸ್ ಬೇಡ. ಅದು ರಬ್ಬರ್ ಬೂಟನ್ನು ಊದಿಸುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಅದೇ ಕತೆ.

ಒಂದಲ್ಲ, ಎಲ್ಲಾ ಗಾಲಿಯೂ ಬಿಸಿ. ಓಡಿದಷ್ಟೂ ಪೆಡಲ್ ಮೇಲೇರಿ ಗಟ್ಟಿಯಾಗುತ್ತಾ ಹೋಗುತ್ತದೆ, ಕೊನೆಗೆ ಗಾಡಿ ಮುಂದೆ ಹೋಗಲ್ಲ. ಅರ್ಧ ಗಂಟೆ ನಿಲ್ಲಿಸಿದರೆ ತನ್ನಷ್ಟಕ್ಕೆ ಸರಿಯಾಗುತ್ತದೆ. ಇಲ್ಲಿ ಗಾಲಿ ಬಿಚ್ಚಬೇಡಿ, ಮೇಲೆ ನೋಡಿ. ಪೆಡಲ್ ಬಿಟ್ಟಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬರಬೇಕು. ಆಗ ಮಾತ್ರ ಒಂದು ಸಣ್ಣ ತೂತು ತೆರೆದುಕೊಂಡು, ಬಿಸಿಯಾಗಿ ಹಿಗ್ಗಿದ ಆಯಿಲ್ ಡಬ್ಬಿಗೆ ವಾಪಸ್ ಹೋಗುತ್ತದೆ. ಪೆಡಲಿನಿಂದ ಆ ಪಿಸ್ಟನ್ ತಳ್ಳುವ ಪುಶ್ ರಾಡ್ ಉದ್ದ ಮಾಡಿದ್ದರೆ, ಬ್ರೇಕ್ ಲೈಟಿನ ಸ್ವಿಚ್ ಪೆಡಲನ್ನು ತಡೆಯುತ್ತಿದ್ದರೆ, ಪೆಡಲಿನ ಸ್ಪ್ರಿಂಗ್ ಹೋಗಿದ್ದರೆ ಈ ತೂತು ಮುಚ್ಚಿಯೇ ಇರುತ್ತದೆ. ಪೆಡಲನ್ನು ಬೆರಳಿನಲ್ಲಿ ಒತ್ತಿ ನೋಡಿ. ಬಿಗಿ ಸಿಗುವ ಮೊದಲು ಸ್ವಲ್ಪ ಆಟ ಇರಲೇಬೇಕು. ಯಾರೋ ಪೆಡಲ್ ಕೆಳಗೆ ಹೋಗುತ್ತದೆ ಅಂತ ರಾಡ್ ತಿರುಗಿಸಿ ಮೇಲೆ ತಂದಿರುತ್ತಾರೆ. ಅದರ ಫಲ ಇದು.

ಆಟ ಸರಿಯಿದ್ದೂ ಹೀಗಾಗುತ್ತಿದ್ದರೆ ಡಬ್ಬಿಯ ಮುಚ್ಚಳದ ರಬ್ಬರ್ ನೋಡಿ. ಅದು ಊದಿ ದೊಡ್ಡದಾಗಿದ್ದರೆ ಯಾರೋ ಇಂಜಿನ್ ಆಯಿಲ್ಲೋ ಪವರ್ ಸ್ಟೇರಿಂಗ್ ಆಯಿಲ್ಲೋ ಹಾಕಿದ್ದಾರೆ. ಬ್ರೇಕಿನ ರಬ್ಬರಿಗೆ ಇವೆಲ್ಲ ವಿಷ. ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಹಾಕಿ ತೊಳೆದರೂ ಅಷ್ಟೇ. ಹಾಗಾಗಿದ್ದರೆ ಆಯಿಲ್ ಬದಲಾಯಿಸಿದರೆ ಸಾಲದು, ಲೈನಿನಲ್ಲಿರುವ ಪ್ರತಿಯೊಂದು ಸೀಲು, ಹೋಸು ಹೊಸದಾಗಬೇಕು.

ಎಳೆತ, ನಡುಕ, ಸದ್ದು

ಬ್ರೇಕ್ ಒತ್ತಿದಾಗ ಗಾಡಿ ಬಲಕ್ಕೆ ಎಳೆದರೆ ಎಲ್ಲರೂ ಬಲಗಡೆ ಬಿಚ್ಚುತ್ತಾರೆ. ಸಾಮಾನ್ಯವಾಗಿ ಬಲಗಡೆ ಬ್ರೇಕ್ ಸರಿಯಾಗೇ ಹಿಡಿಯುತ್ತಿರುತ್ತದೆ. ಕೆಲಸ ಮಾಡದೆ ಕೂತಿರುವುದು ಎಡಗಡೆಯದು. ಟೈರಿನ ಗಾಳಿ ಸಮ ಇದೆಯಾ ಅಂತ ಮೊದಲು ನೋಡಿ, ಆಮೇಲೆ ತಣ್ಣಗಿರುವ ಗಾಲಿ ಬಿಚ್ಚಿ. ಪ್ಯಾಡಿಗೆ ಆಯಿಲ್ ಅಥವಾ ಗ್ರೀಸ್ ತಾಗಿದ್ದರೆ ಮರಳು ಕಾಗದದಲ್ಲಿ ಉಜ್ಜಿ ಹಾಕಬೇಡಿ. ಆಯಿಲ್ ಒಳಗೆ ಇಳಿದಿರುತ್ತದೆ. ಎರಡೂ ಕಡೆಯ ಪ್ಯಾಡ್ ಬದಲಾಯಿಸಿ.

ನಡುಕ ಸ್ಟೇರಿಂಗಿನಲ್ಲಿ ಬಂದರೆ ಮುಂದಿನ ಡಿಸ್ಕ್, ಸೀಟಿನಲ್ಲಿ ಮತ್ತು ಪೆಡಲಿನಲ್ಲಿ ಬಂದರೆ ಹಿಂದಿನ ಡ್ರಮ್. ಖಾಲಿ ರಸ್ತೆಯಲ್ಲಿ, ಕಮ್ಮಿ ವೇಗದಲ್ಲಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದೇ ಮೆಲ್ಲಗೆ ಎಳೆದು ನೋಡಿ. ಅದೇ ನಡುಕ ಬಂದರೆ ಡ್ರಮ್ ಅಂಡಾಕಾರ ಆಗಿದೆ. 800ಕ್ಕೆ ಎಬಿಎಸ್ (ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ, ಹಾಗಾಗಿ ಪೆಡಲ್ ಮಿಡಿದರೆ ಎಬಿಎಸ್ ಇರಬಹುದು ಅಂತ ಬಿಟ್ಟುಬಿಡುವ ಹಾಗಿಲ್ಲ. ಡ್ರಮ್ ಮತ್ತು ಡಿಸ್ಕನ್ನು ಲೇತಿಗೆ ಕೊಡಬಹುದು. ಆದರೆ ಡ್ರಮ್ಮಿಗೆ ಗರಿಷ್ಠ ಒಳವ್ಯಾಸ, ಡಿಸ್ಕಿಗೆ ಕನಿಷ್ಠ ದಪ್ಪ ಇಷ್ಟು ಅಂತ ಮಿತಿ ಇದೆ. ಎಷ್ಟೋ ಸಲ ಅದರ ಮೇಲೇ ಅಚ್ಚು ಹಾಕಿರುತ್ತಾರೆ. ಅದನ್ನು ದಾಟಿದರೆ ಹೊಸದೇ ಗತಿ.

ಸಣ್ಣ ಕಿರುಚಾಟಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ, ಪ್ಯಾಡ್ 3 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಸಾಕು. ಗರಗರ ಅಂತ ಕಬ್ಬಿಣ ಉಜ್ಜುವ ಸದ್ದು ಬಂದರೆ ಅಲ್ಲೇ ನಿಲ್ಲಿಸಿ.

ಹಿಂದಿನ ಡ್ರಮ್ ಒಳಗೆ

800ರಲ್ಲಿ ಜನ ಅತಿ ಕಮ್ಮಿ ಬಿಚ್ಚುವ ಜಾಗ ಇದು. ತುಕ್ಕು ಹಿಡಿದ ಡ್ರಮ್ ಸುಲಭಕ್ಕೆ ಹೊರಗೆ ಬರುವುದಿಲ್ಲ. ಹ್ಯಾಂಡ್ ಬ್ರೇಕ್ ಬಿಟ್ಟಿದೆಯಾ ಅಂತ ಮೊದಲು ನೋಡಿ. ಆಮೇಲೆ ಮರದ ತುಂಡು ಇಟ್ಟು ಸುತ್ತಲೂ ತಟ್ಟಿ, ಪುಲ್ಲರ್ ಸಿಕ್ಕರೆ ಇನ್ನೂ ಒಳ್ಳೆಯದು. ನಡುವಿನ ನಟ್ಟಿಗೆ ಸ್ಪ್ಲಿಟ್ ಪಿನ್ ಇದ್ದರೆ ವಾಪಸ್ ಹಾಕುವಾಗ ಹೊಸ ಪಿನ್ ಹಾಕಿ.

ಒಳಗಿನ ಪುಡಿಯನ್ನು ಊದಬೇಡಿ, ಏರ್ ಹೊಡೆಸಬೇಡಿ. ಹಳೇ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮಾಸ್ಕ್ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಾಡಿ. ಗ್ಯಾರೇಜುಗಳಲ್ಲಿ ಕಂಪ್ರೆಸರ್ ಗಾಳಿಯಲ್ಲಿ ಊದಿಸುವುದು ನೋಡಿದಾಗ ನನಗೆ ಮೈ ಉರಿಯುತ್ತದೆ. ಅಲ್ಲಿ ಕೆಲಸ ಮಾಡುವ ಹುಡುಗರೇ ಅದನ್ನು ದಿನಾ ಕುಡಿಯುವವರು.

ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ಎರಡು ತುದಿಯ ರಬ್ಬರ್ ಟೋಪಿಯನ್ನು ಸ್ಕ್ರೂ ಡ್ರೈವರಿನಲ್ಲಿ ಮೆಲ್ಲಗೆ ಎತ್ತಿ ನೋಡಿ. ಒಳಗೆ ಆಯಿಲ್ ನಿಂತಿದ್ದರೆ ಸೀಲು ಹೋಗಿದೆ. ಇನ್ನೂ ಹೊರಗೆ ಸೋರಿಲ್ಲ ಅಷ್ಟೇ. ಶೂ ಹಿಂದಕ್ಕೆ ಎಳೆಯುವ ಸ್ಪ್ರಿಂಗು, ಅಡ್ಜಸ್ಟರ್ ತಿರುಗುತ್ತಿದೆಯಾ, ಹ್ಯಾಂಡ್ ಬ್ರೇಕ್ ಕೇಬಲ್ ಸಲೀಸಾಗಿ ಜಾರುತ್ತಿದೆಯಾ ನೋಡಿ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದು ಕಡೆ ಪೂರ್ತಿ ಜೋಡಿಸಿದ ಮೇಲೆ ಇನ್ನೊಂದು ಕಡೆ ಬಿಚ್ಚಿ. ಸ್ಪ್ರಿಂಗ್ ಯಾವ ತೂತಿಗೆ ಅಂತ ಗೊತ್ತಾಗದೆ ಹೋದರೆ ನೋಡಲು ಒಂದು ಮಾದರಿ ಇರುತ್ತದೆ.

ಪಾರ್ಟ್ಸ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗದೇ ಇರುವುದಿಲ್ಲ, ನಮ್ಮ ಕಡೆಯವರಿಗೆ ಶಿವಮೊಗ್ಗದಲ್ಲೇ ಸಿಗುತ್ತದೆ. ರಬ್ಬರ್ ಸಾಮಾನಿನಲ್ಲಿ ಮಾತ್ರ ಡೂಪ್ಲಿಕೇಟ್ ತಗೊಳ್ಳಬೇಡಿ. ಒರಿಜಿನಲ್ಲೇ ಆದರೂ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಪೊಟ್ಟಣ ಬೇಡ. ತಯಾರಾದ ತಾರೀಕು ನೋಡಿ.

ಏರ್ ತೆಗೆಯುವುದು

ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಂತ ಇದ್ದರೆ ಡಾಟ್ 3 ಅಥವಾ ಡಾಟ್ 4 ಹಾಕಬಹುದು. ಡಾಟ್ 5 ಅಂತ ಬರುವುದು ಸಿಲಿಕೋನ್, ಇದರ ಜೊತೆ ಸೇರುವುದಿಲ್ಲ. ಹೊಸ ಡಾಟ್ 3 ಕುದಿಯುವುದಕ್ಕೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಆಯಿಲ್ ಗಾಳಿಯಿಂದಲೇ ತೇವ ಹೀರುತ್ತದೆ, ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಬರವೇ? ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುತ್ತೇನೆ. ಬಾಯಿ ಒಡೆದು ಇಟ್ಟ ಹಳೇ ಬಾಟಲಿ ಬಳಸುವುದಿಲ್ಲ.

ಬ್ಲೀಡಿಂಗಿಗೆ ಇಬ್ಬರು ಬೇಕು. ಒಬ್ಬರು ಪೆಡಲಿಗೆ, ಒಬ್ಬರು ನಿಪ್ಪಲಿಗೆ. ನಿಪ್ಪಲಿಗೆ ಅಕ್ವೇರಿಯಂ ಅಂಗಡಿಯ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿಯಿಂದ ಶುರು ಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. "ಒತ್ತು" ಅಂದಾಗ ಒತ್ತಿ ಹಿಡಿಯಬೇಕು. ನಿಪ್ಪಲ್ ಬಿಚ್ಚಿ, ಗುಳ್ಳೆ ಬಂದು ನಿಂತ ಮೇಲೆ ಮುಚ್ಚಿ, ಆಮೇಲೆ "ಬಿಡು" ಅನ್ನಿ. ಮುಚ್ಚುವ ಮೊದಲು ಕಾಲು ಬಿಟ್ಟರೆ ಗಾಳಿ ವಾಪಸ್ ಒಳಗೆ. ಡಬ್ಬಿ ಖಾಲಿಯಾಗಲು ಬಿಡಬೇಡಿ, ಬಿಟ್ಟರೆ ಮೊದಲಿನಿಂದ ಶುರು.

ಹಳೇ ಗಾಡಿಗೆ ಮಾತ್ರ ಒಂದು ಎಚ್ಚರಿಕೆ. ಬ್ಲೀಡ್ ಮಾಡುವಾಗ ಪೆಡಲನ್ನು ನೆಲಕ್ಕೆ ಒತ್ತಬೇಡಿ. ದಿನಾ ಓಡಿಸುವಾಗ ಪಿಸ್ಟನ್ ಅಷ್ಟು ದೂರ ಹೋಗಿರುವುದಿಲ್ಲ. ಅಲ್ಲಿ ಬೋರಿನಲ್ಲಿ ತುಕ್ಕು ಕೂತಿರುತ್ತದೆ, ಸೀಲು ಅದಕ್ಕೆ ಉಜ್ಜಿ ಹರಿಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಬ್ಲೀಡಿಂಗ್ ಆದ ಮೇಲೆ ಹೋಯಿತು ಎನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳಿ.

ಮಳೆ ಮತ್ತು ಘಾಟಿ

ಮಳೆಗಾಲದಲ್ಲಿ ಗಾಡಿ ಕೆಲವು ದಿನ ನಿಲ್ಲಿಸುವುದಿದ್ದರೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಶೂ ಡ್ರಮ್ಮಿಗೆ ತುಕ್ಕಿನಲ್ಲೇ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಿ. ಅಂಟಿಕೊಂಡಿದ್ದರೆ ಒಂದನೇ ಗೇರು, ರಿವರ್ಸ್, ಹೀಗೆ ಮೆಲ್ಲಗೆ ಅಲುಗಾಡಿಸಿ ಬಿಡಿಸಿ. ನೀರು ದಾಟಿದ ಮೇಲೆ ಸ್ವಲ್ಪ ದೂರ ಎಡಗಾಲಿನಲ್ಲಿ ಹಗುರವಾಗಿ ಬ್ರೇಕ್ ಒತ್ತಿಕೊಂಡೇ ಓಡಿಸಿದರೆ ಡ್ರಮ್ ಒಣಗುತ್ತದೆ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಇಳಿಯುವಾಗ ಮೇಲಿನಿಂದ ಸೋಮೇಶ್ವರದ ತನಕ ಬ್ರೇಕ್ ಮೇಲೇ ಕಾಲಿಟ್ಟರೆ ಪ್ಯಾಡ್, ಡಿಸ್ಕ್, ಆಯಿಲ್ ಮೂರೂ ಬಿಸಿಯಾಗುತ್ತವೆ. ತೇವ ಹೀರಿದ ಆಯಿಲ್ ಕುದ್ದು ಆವಿಯಾದರೆ ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುತ್ತದೆ. ತಣ್ಣಗಾದ ಮೇಲೆ ಏನೂ ಆಗದ ಹಾಗೆ ಪೆಡಲ್ ವಾಪಸ್ ಬರುತ್ತದೆ. ಗ್ಯಾರೇಜಿಗೆ ಹೋದರೆ "ಎಲ್ಲ ಸರಿ ಇದೆಯಲ್ಲ" ಎನ್ನುತ್ತಾರೆ. ಅಲ್ಲಿ ಬೇಕಿರುವುದು ಹೊಸ ಆಯಿಲ್, ಹೊಸ ಪ್ಯಾಡ್ ಅಲ್ಲ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡುವವರನ್ನು ಇನ್ನೂ ನೋಡುತ್ತೇನೆ. ಇಂಜಿನ್ ಹಿಡಿತವೂ ಇಲ್ಲ, ಬೂಸ್ಟರೂ ಇಲ್ಲ. ಎಷ್ಟು ಪೆಟ್ರೋಲ್ ಉಳಿಯಿತೋ!

ಇಳಿಜಾರಿನಲ್ಲಿ ಪೆಡಲ್ ಹೋಗೇಬಿಟ್ಟರೆ ಬೇಗ ಬೇಗ ಪಂಪ್ ಮಾಡಿ, ಗೇರು ಒಂದೊಂದೇ ಇಳಿಸಿ, ಗುಂಡಿ ಒತ್ತಿ ಹಿಡಿದು ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಗಾಲಿ ಲಾಕ್ ಆಗಿ ಗಾಡಿ ತಿರುಗುತ್ತದೆ. ಹಾರ್ನ್, ಹೆಡ್‌ಲೈಟ್, ಕಣಿವೆ ಬದಿ ಬಿಟ್ಟು ಗುಡ್ಡದ ಬದಿ.

ಕೆಲಸ ಮುಗಿದ ಮೇಲೆ

ಪ್ಯಾಡ್ ಬದಲಾಯಿಸಿದ ಮೇಲೆ ಗಾಡಿ ಕದಲಿಸುವ ಮೊದಲೇ ಪೆಡಲ್ ಗಟ್ಟಿಯಾಗುವ ತನಕ ಪಂಪ್ ಮಾಡಿ. ಪಿಸ್ಟನ್ ಹಿಂದೆ ತಳ್ಳಿರುತ್ತೀರಿ, ಮೊದಲ ಒತ್ತಿಗೆ ಬ್ರೇಕ್ ಇರುವುದಿಲ್ಲ. ಆಮೇಲೆ ಖಾಲಿ ರಸ್ತೆಯಲ್ಲಿ 20ರ ವೇಗ, ಆಮೇಲೆ 40. ಹೊಸ ಪ್ಯಾಡ್ ಕೂರಲು ಮೊದಲ ಕೆಲವು ನೂರು ಕಿಲೋಮೀಟರ್ ಸಡನ್ ಬ್ರೇಕ್ ಬೇಡ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಹೋಗುವವರು ಬ್ರೇಕ್ ಕೆಲಸವನ್ನು ಹಿಂದಿನ ದಿನ ಮಾಡಿಸಬೇಡಿ, ಎರಡು ವಾರ ಮೊದಲೇ ಮುಗಿಸಿ.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಡಬ್ಬಿಯ ಮಟ್ಟ ನೋಡಿ, ನಾಲ್ಕೂ ಗಾಲಿಯ ಒಳಬದಿಗೆ ಟಾರ್ಚ್ ಬಿಟ್ಟು ನೋಡಿ. ನಿಪ್ಪಲಿನ ಸುತ್ತ ಒದ್ದೆ ಇದ್ದರೆ ಸ್ವಲ್ಪವೇ ಬಿಗಿ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಜಾಸ್ತಿ ಬಿಗಿ ಮಾಡಿದರೆ ಮುರಿದು ಒಳಗೇ ಉಳಿಯುತ್ತದೆ, ಆಗ ಕ್ಯಾಲಿಪರ್ ಸಮೇತ ಲೇತಿನವರ ಹತ್ತಿರ ಹೋಗಬೇಕು.